ರಮ್ ಬಾಟಲಿಯಲ್ಲಿ ಕಾವೇರಿ

ನಮ್ಮ ಮನೆಯ ದೇವರ ಗೂಡಿನಲ್ಲಿ, ಗಣಪತಿಯ ಪಟದ ಹಿಂದೆ, ಒಂದು ರಮ್ ಬಾಟಲಿ ಇದೆ. ಅದರಲ್ಲಿರುವುದು ತಲಕಾವೇರಿಯ ತೀರ್ಥ. ನನ್ನ ಭಾವನವರು ಸೈನ್ಯದಲ್ಲಿದ್ದು ನಿವೃತ್ತರಾದವರು. ಮಿಲಿಟರಿ ಕ್ಯಾಂಟೀನಿನಿಂದ ಬಂದ ಬಾಟಲಿಗಳು ಕೊಡಗಿನ ಮನೆಗಳಲ್ಲಿ ಖಾಲಿಯಾದ ಮೇಲೂ ಸುಮ್ಮನೆ ಕೂರುವುದಿಲ್ಲ. ಒಂದರಲ್ಲಿ ಜೇನು, ಒಂದರಲ್ಲಿ ಕಾಚಂಪುಳಿ ಎಂಬ ನಮ್ಮ ಕಡೆಯ ಅಡುಗೆಯ ಹುಳಿ, ಇನ್ನೊಂದರಲ್ಲಿ ಒಲೆ ಹೊತ್ತಿಸುವ ಸೀಮೆಎಣ್ಣೆ. ಹಾಗೆಯೇ ಒಂದರ ಪಾಲಿಗೆ ಕಾವೇರಿ ಬಂದಳು. ಅತ್ತೆ ಅದನ್ನು ಬೂದಿ ಹಾಕಿ, ಹುಣಸೆ ಹಾಕಿ, ಕುದಿಯುವ ನೀರು ಹೊಯ್ದು ಏಳು ಸಲ ತೊಳೆದಿದ್ದರಂತೆ. ಚೀಟಿ ಹೋಯಿತು, ಚೀಟಿಯ ಅಂಟು ಮಾತ್ರ ಇವತ್ತಿಗೂ ಹೋಗಿಲ್ಲ. ಮುಟ್ಟಿದರೆ ಬೆರಳಿಗೆ ಸ್ವಲ್ಪ ಹಿಡಿಯುತ್ತದೆ.

ಪ್ರತಿ ವರ್ಷ ಅಕ್ಟೋಬರ್ ನಡುವಿನಲ್ಲಿ, ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ, ಬ್ರಹ್ಮಗಿರಿಯ ಮಡಿಲಿನ ಆ ಪುಟ್ಟ ಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ. ಗಳಿಗೆ ಒಂದೊಂದು ವರ್ಷ ಒಂದೊಂದು ಬಗೆ. ನಡುರಾತ್ರಿಯೂ ಆಗಬಹುದು, ನಡುಹಗಲೂ ಆಗಬಹುದು. ಅಲ್ಲಿಂದ ತಂದ ನೀರನ್ನು ಮನೆಯಲ್ಲಿಟ್ಟುಕೊಂಡು, ಯಾರಾದರೂ ಕೊನೆಯುಸಿರು ಎಳೆಯುವ ಹೊತ್ತಿಗೆ ಬಾಯಿಗೆ ಬಿಡುವುದು ನಮ್ಮ ಕಡೆಯ ವಾಡಿಕೆ. ವರ್ಷವಿಡೀ ಅದು ಗೂಡಿನಲ್ಲಿ ಕೂತು ಯಾರಿಗೋ ಕಾಯುತ್ತಿರುತ್ತದೆ. ಯಾರಿಗೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ.

ಇದರ ಬಗ್ಗೆ ಬರೆಯಬೇಕೆನಿಸಿದ್ದು ನನ್ನ ತಂಗಿಯ ಮಗಳ ದೆಸೆಯಿಂದ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಕಾವೇರಿ ನೀರಿನ ಕೊಳಾಯಿ ಇನ್ನೂ ಮುಟ್ಟದ ಒಂದು ಬಡಾವಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಶನಿವಾರ, ಭಾನುವಾರ ಎಲ್ಲೋ ಧ್ಯಾನದ ಶಿಬಿರಕ್ಕೆ ಹೋಗಿದ್ದಳು. ಕಣ್ಣು ಮುಚ್ಚಿ ಕೂತಾಗ ದೇವರ ಪ್ರೀತಿ ನೆತ್ತಿಯ ಮೇಲೆ ಸುರಿದ ಹಾಗಾಗಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತರನ್ನೆಲ್ಲ ತಬ್ಬಿಕೊಳ್ಳಬೇಕು ಅನಿಸಿತಂತೆ. ಸೋಮವಾರ ಬೆಳಗ್ಗೆ ನೀರಿನ ಟ್ಯಾಂಕರ್ ದುಡ್ಡು ಹಂಚುವ ವಿಷಯದಲ್ಲಿ ಕೆಳಗಿನ ಮನೆಯ ಹೆಂಗಸಿನ ಜೊತೆ ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದಾಳೆ. ರಾತ್ರಿ ನನಗೆ ಫೋನ್ ಮಾಡಿ, "ದೊಡ್ಡಮ್ಮ, ಭಾನುವಾರ ಅಷ್ಟೊಂದು ಬಂದಿದ್ದ ಪ್ರೀತಿ ಸೋಮವಾರ ಎಲ್ಲಿಗೆ ಹೋಯಿತು?" ಎಂದಳು.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಗೊತ್ತಿಲ್ಲದ ಪ್ರಶ್ನೆ ಬಂದರೆ "ನಾಳೆ ಹೇಳುತ್ತೇನೆ" ಎನ್ನುವುದು ರೂಢಿ. ಅವಳಿಗೂ ಹಾಗೆಯೇ ಹೇಳಿ ಫೋನ್ ಇಟ್ಟೆ.

ಹಿರಿಯರು ಈ ಪ್ರಶ್ನೆಯನ್ನು ಹಾಗೇ ಬಿಟ್ಟವರಲ್ಲ. ನಾರದರ ಭಕ್ತಿಸೂತ್ರಗಳು ಒಟ್ಟು 84. ಭಕ್ತಿಯೆಂದರೆ ಪರಮಪ್ರೇಮ ಎಂದು ಎರಡನೆಯ ಸೂತ್ರದಲ್ಲೇ ಹೇಳಿಬಿಡುತ್ತಾರೆ. ಐವತ್ತು ದಾಟುವ ಹೊತ್ತಿಗೆ, ಆ ಪ್ರೇಮ ಎಂಥದೆಂದು ಹೇಳಲು ಬಾರದು, ಮೂಕನು ರುಚಿ ನೋಡಿದ ಹಾಗೆ ಅದು, ಎನ್ನುತ್ತಾರೆ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆಮೇಲೂ ಮೂವತ್ತು ಚಿಲ್ಲರೆ ಸೂತ್ರಗಳಿವೆ. ಮಾತು ಬಲ್ಲವರ ಪಾಡೇ ಅದು. ನನಗೆ ಹಿಡಿಸಿದ್ದು ನಡುವೆ ಎಲ್ಲೋ ಬಂದುಹೋಗುವ ಒಂದು ಪದ: ತತ್ಸುಖಸುಖಿತ್ವ. ಅವನ ಸುಖದಲ್ಲಿ ತಾನು ಸುಖಿಯಾಗುವುದು. ಗೋಪಿಯರ ಪ್ರೇಮವನ್ನು ಬರಿಯ ಹಂಬಲದಿಂದ ಬೇರೆ ಮಾಡಿ ತೋರಿಸಲು ನಾರದರು ಹಿಡಿದ ಒರೆಗಲ್ಲು ಇದು. ನಮ್ಮ ಹುಡುಗಿ ಶಿಬಿರದಲ್ಲಿ ಅತ್ತದ್ದು ಸುಳ್ಳಲ್ಲ. ಆದರೆ ಅಲ್ಲಿ ಸುಖಪಟ್ಟವರು ಯಾರು ಎಂದು ಒರೆಗೆ ಹಚ್ಚಿದರೆ ಉತ್ತರ ಸ್ವಲ್ಪ ಮುಜುಗರದ್ದೇ.

ಮಧ್ವಾಚಾರ್ಯರು ಭಕ್ತಿಯ ಲಕ್ಷಣ ಹೇಳುವಾಗ 'ಸ್ನೇಹ' ಎಂಬ ಪದವನ್ನೇ ಇಟ್ಟಿದ್ದಾರೆ. ದೇವರ ಮಹಿಮೆಯನ್ನು ತಿಳಿದು, ಉಳಿದೆಲ್ಲದಕ್ಕಿಂತ ಮಿಗಿಲಾಗಿ, ಅಲುಗದೆ ನಿಂತ ಸ್ನೇಹ. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆ ಎಂದೂ ಆಗುತ್ತದೆ, ಜಿಡ್ಡು ಎಂದೂ ಆಗುತ್ತದೆ. ಅಡುಗೆಮನೆಯಲ್ಲಿ ಆಯುಷ್ಯ ಕಳೆದವರಿಗೆ ಗೊತ್ತು, ಜಿಡ್ಡು ಒಂದು ಕೈಗೆ ಹತ್ತಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಬಾಗಿಲ ಚಿಲಕಕ್ಕೆ, ಸೆರಗಿಗೆ, ಮಗುವಿನ ಕೆನ್ನೆಗೆ, ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ. ಆಚಾರ್ಯರು ಅಷ್ಟು ದೂರ ಯೋಚಿಸಿರಲಿಕ್ಕಿಲ್ಲ. ಬಾಟಲಿಯ ಅಂಟು ಬೆರಳಿಗೆ ಹತ್ತಿದಾಗಲೆಲ್ಲ ನನಗಂತೂ ಇದು ನೆನಪಾಗುತ್ತದೆ.

ಇನ್ನು ನಮ್ಮ ಕಾವೇರಿಯ ಕತೆ. ಕವೇರ ಮುನಿಯ ಮಗಳಾಗಿ ಬೆಳೆದ ಲೋಪಾಮುದ್ರೆಯನ್ನು ಅಗಸ್ತ್ಯರು ಕೈಹಿಡಿಯುತ್ತಾರೆ. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎಂಬುದು ಅವಳ ಷರತ್ತು. ಒಂದು ದಿನ ಅಗಸ್ತ್ಯರು ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ನಿಲ್ಲಿಸಿ, ಕನ್ನಿಕೆ ಹೊಳೆಯಲ್ಲಿ ಸ್ನಾನಕ್ಕೆ ಇಳಿಯುತ್ತಾರೆ. ಅವಳು ಹೊರಟೇಬಿಡುತ್ತಾಳೆ. ಶಿಷ್ಯರು ಅಡ್ಡ ಬಂದರೆ ನೆಲದೊಳಗೆ ಇಳಿದು, ಎಂಟು ಕಿಲೋಮೀಟರ್ ಕೆಳಗೆ ಭಾಗಮಂಡಲದಲ್ಲಿ ಮತ್ತೆ ಮೇಲೆ ಬರುತ್ತಾಳೆ. ಬಲಮುರಿಯಲ್ಲಿ ಜನವೆಲ್ಲ ಸೇರಿ ತಡೆದು ನಿಲ್ಲಿಸಲು ನೋಡಿದರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಕೊಡವತಿಯರು ನೆರಿಗೆಯನ್ನು ಇಂದಿಗೂ ಹಿಂದೆ ಉಡುವುದು ಅದಕ್ಕೇ ಎಂಬ ಮಾತಿದೆ.

ಒಮ್ಮೆ ನಾಲ್ಕನೇ ತರಗತಿಯಲ್ಲಿ ಈ ಕತೆ ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅಗಸ್ತ್ಯರಿಗೆ ಬೇಜಾರಾಗಲಿಲ್ಲವೇ?" ಎಂದಳು. ಅದಕ್ಕೂ ನಾನು "ನಾಳೆ ಹೇಳುತ್ತೇನೆ" ಎಂದಿದ್ದೆ. ಅಲ್ಲಿಯವರೆಗೆ ಅದನ್ನು ಮಾತು ತಪ್ಪಿದ ಗಂಡನಿಗೆ ಆದ ಶಾಸ್ತಿಯ ಕತೆಯಾಗಿ ಹೇಳಿಕೊಂಡು ಬಂದಿದ್ದೆ. ಆದರೆ ಲೋಕಕ್ಕೆ ನೀರಾಗಬೇಕು ಎಂಬುದು ಅವಳ ಹುಟ್ಟಿನ ಆಸೆ. ಗಂಡ ಬಿಟ್ಟುಹೋದದ್ದು ಒಂದು ನೆಪ. ಅಗಸ್ತ್ಯರ ಪ್ರೀತಿಯೂ ಸುಳ್ಳಲ್ಲ. ಪಾಪ, ಹೋದಲ್ಲೆಲ್ಲ ಹೊತ್ತುಕೊಂಡೇ ತಿರುಗಿದವರು. ಕಮಂಡಲದೊಳಗಿನ ನೀರು ಶುದ್ಧ, ಭದ್ರ, ಅವರೊಬ್ಬರದು. ಹೊರಗೆ ಬಿದ್ದ ನೀರು 800 ಕಿಲೋಮೀಟರ್ ಹರಿದು, ಕೆಂಪಾಗಿ, ಊರೂರಿನ ಕೊಳೆ ಹೊತ್ತು, ಕಟ್ಟೆಗೆ ಕಾಲುವೆಗೆ ಪಾಲಾಗಿ, ಉಳಿದದ್ದು ಪೂಂಪುಹಾರಿನ ಬಳಿ ಉಪ್ಪಾಗುತ್ತದೆ.

ಅತ್ತೆ ಹೇಳುತ್ತಿದ್ದ ಕತೆಯಲ್ಲಿ ಕಾವೇರಿ ಎರಡಾಗುತ್ತಾಳೆ. ಅರ್ಧ ಹೊಳೆಯಾಗಿ ಹೋಗುತ್ತಾಳೆ, ಅರ್ಧ ಹೆಂಡತಿಯಾಗಿ ಆಶ್ರಮದಲ್ಲಿ ಉಳಿಯುತ್ತಾಳೆ. "ಅರ್ಧ ಕೊಟ್ಟದ್ದೇ ಸರಿ. ಪೂರ್ತಿ ಕೊಡುವವರಿಂದ ಮನೆ ನಡೆಯುವುದಿಲ್ಲ" ಎಂದು ತಮ್ಮ ಷರಾ ಸೇರಿಸುತ್ತಿದ್ದರು.

ಅತ್ತೆಯ ವಿಷಯ ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ. ಗಟ್ಟಿ ಹೆಂಗಸು. ಮಳೆಮಾಪಕದಲ್ಲಿ ಬಿದ್ದ ಮಳೆಯನ್ನು ದಿನಾ ಬೆಳಗ್ಗೆ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವವರು. ಸೊಸೆ ಹಾಕಿದ ಸಕ್ಕರೆಗೂ ಅದೇ ಲೆಕ್ಕ. ನನ್ನ ಅಡುಗೆಯನ್ನು ಒಂದು ದಿನ ಚೆನ್ನಾಗಿದೆ ಎಂದವರಲ್ಲ. ಉಪ್ಪು ಸರಿಯಿದ್ದರೆ ಸುಮ್ಮನೆ ಊಟ ಮಾಡುತ್ತಿದ್ದರು, ಅದೇ ಮೆಚ್ಚುಗೆ. ನಮ್ಮದು ದೊಡ್ಡ ಎಸ್ಟೇಟ್ ಅಲ್ಲ. ಸ್ವಲ್ಪ ರೊಬಸ್ಟಾ, ಮರಗಳಿಗೆ ಹಬ್ಬಿದ ಕಾಳುಮೆಣಸು, ಕೆಳಗೆ ಒಂದು ತುಂಡು ಗದ್ದೆ, ತೋಟದ ಅಂಚಿಗೆ ಕೂಲಿಯವರಿಗೆಂದು ಎರಡು ಬಾಗಿಲಿನ ಒಂದು ಲೈನ್ ಮನೆ. ಅದರಲ್ಲಿ ತಂಜಾವೂರಿನ ಕಡೆಯಿಂದ ಗಂಡನ ಜೊತೆ ಬಂದು ಇಲ್ಲೇ ಮುದುಕಿಯಾದ ಒಬ್ಬರು ಮೊಮ್ಮಗನೊಡನೆ ಇದ್ದರು. ಎಲ್ಲರೂ ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ, ಎಂದೇ ಕರೆಯುತ್ತಿದ್ದೆವು. ಅತ್ತೆಗೂ ಪಾಟಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಹಲಸಿನ ಹಣ್ಣು. ಲೈನ್ ಮನೆಯ ಮಗ್ಗುಲಿನ ಹಲಸಿನ ಮರ ತಾನು ನೆಟ್ಟದ್ದು ಎಂದು ಪಾಟಿ, ನೆಲ ನಮ್ಮದು ಎಂದು ಅತ್ತೆ. ಆ ಎರಡು ವರ್ಷವೂ ಹಣ್ಣು ತಿಂದದ್ದು ಮಂಗಗಳು.

2016ರ ಸೆಪ್ಟೆಂಬರ್ 12. ಕೈಲ್ ಪೊಳ್ದ್ ಹಬ್ಬ ಮುಗಿದು ಒಂದು ವಾರ ದಾಟಿತ್ತು. ಟಿವಿಯಲ್ಲಿ ಬೆಂಗಳೂರು ಹೊತ್ತಿ ಉರಿಯುತ್ತಿತ್ತು. ಕಾವೇರಿ ನೀರು ಬಿಡುವ ಜಗಳದಲ್ಲಿ ತಮಿಳುನಾಡಿನ ನಂಬರಿನ ಬಸ್ಸುಗಳು ಸಾಲಾಗಿ ಬೆಂಕಿಗೆ ಬಿದ್ದಿದ್ದವು. ಅದನ್ನೇ ನೋಡುತ್ತಾ ಕೂತಿದ್ದಾಗ, ಕತ್ತಲಾಗುವ ಹೊತ್ತಿಗೆ, ಪಾಟಿಯ ಮೊಮ್ಮಗ ಅಂಗಳದಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. "ಪಾಟಿಗೆ ಆಗುತ್ತಿಲ್ಲ" ಎಂದ, ಅಷ್ಟೇ.

ಅತ್ತೆಗೆ ಆಗ ಎಂಬತ್ತೊಂದು. ಟಿವಿ ಆರಿಸಿದರು. ದೇವರ ಗೂಡಿಗೆ ಕೈ ಹಾಕಿ ಬಾಟಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಇಳಿದೇಬಿಟ್ಟರು. ನಾನು ಟಾರ್ಚ್ ಹಿಡಿದು ಹಿಂದೆ. ತೋಟದ ದಾರಿಯಲ್ಲಿ ಜಿಗಣೆ, ಕಾಲಿಟ್ಟಲ್ಲಿ ಜಾರಿಕೆ. ನಡುವೆ ಒಂದು ಕಡೆ ನಿಂತು ಸುಧಾರಿಸಿಕೊಂಡರು, ಮರ ಹಿಡಿದುಕೊಂಡರು. ಅದು ಹಲಸಿನ ಮರ ಎಂದು ಟಾರ್ಚ್ ಬಿಟ್ಟಾಗ ನನಗೆ ಕಂಡಿತು. ಅವರಿಗೂ ಕಂಡಿರಬೇಕು. ಏನೂ ಹೇಳಲಿಲ್ಲ.

ಒಳಗೆ ಚಾಪೆಯ ಮೇಲೆ ಪಾಟಿ ಇದ್ದರು. ಇದ್ದರು ಎನ್ನುವಷ್ಟೇ ಇದ್ದರು. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಆ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ತುಳಸಿ ಎಲೆ ತರುವುದು ಮರೆತಿತ್ತು, ಚಮಚವೂ ಇರಲಿಲ್ಲ. ಬಾಟಲಿಯ ಮುಚ್ಚಳಕ್ಕೇ ತೀರ್ಥ ಬಗ್ಗಿಸಿ ತುಟಿಗೆ ಇಟ್ಟರು. ಪಾಟಿ ನುಂಗಿದರು. ಮತ್ತೆ ಬಾಯಿ ತೆರೆದರು, ಗೂಡಿನ ಮರಿ ತೆರೆಯುವ ಹಾಗೆ. ಸಂಪ್ರದಾಯದಲ್ಲಿ ಒಂದು ಹನಿ, ಎರಡು ಹನಿ. ಇಲ್ಲಿ ಬಾಯಾರಿದವರು ಕೇಳುತ್ತಿದ್ದರು. ಅತ್ತೆ ಬಗ್ಗಿಸುತ್ತಲೇ ಹೋದರು. "ನಿಮ್ಮೂರಿಗೆ ಹೋಗುವ ನೀರೇ ಇದು, ಕುಡಿ" ಎಂದರು. ಮಗುವಿಗೆ ಹೇಳುವ ದನಿಯಲ್ಲ ಅದು, ಕೂಲಿಯ ಲೆಕ್ಕ ಹೇಳುವಾಗಿನ ಅದೇ ದನಿ.

ನನಗೆ ಒಳಗೊಳಗೇ ತಳಮಳ. ಸಂಕ್ರಮಣಕ್ಕೆ ಇನ್ನೂ ಒಂದು ತಿಂಗಳಿದೆ, ಅತ್ತೆಗೂ ವಯಸ್ಸಾಗಿದೆ, ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿದೆ. ತಡೆಯಲಾರದೆ, "ಸ್ವಲ್ಪ ಇರಲಿ ಅತ್ತೆ, ಮನೆಗೆ ಬೇಕಾದರೆ?" ಎಂದೆ.

"ಹೊಳೆ ಬತ್ತಿದೆಯೇನು?" ಎಂದರು.

ಉಳಿದ ಎರಡು ಬೆರಳಿನಷ್ಟರಲ್ಲಿ ಸೆರಗಿನ ತುದಿ ನೆನೆಸಿ ಪಾಟಿಯ ಮುಖ ಒರೆಸಿದರು. ತುಟಿಯ ಮೂಲೆಯಲ್ಲಿ ಎಲೆಯಡಿಕೆಯ ಕಲೆ ಇತ್ತು; ಅದು ಹೋಗುವ ತನಕ ಉಜ್ಜಿದರು. ವಾಪಸು ಹತ್ತುವಾಗ ಮರದ ಹತ್ತಿರ ಮತ್ತೆ ನಿಂತರು. ಈಗಲಾದರೂ ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ಕಾದೆ. "ಮರ ನಮ್ಮದೇ. ಅದರಲ್ಲಿ ಎರಡು ಮಾತಿಲ್ಲ" ಎಂದು ಮುಂದೆ ನಡೆದರು. ಬೆಳಗಾಗುವ ಮೊದಲೇ ಪಾಟಿ ತೀರಿಕೊಂಡರು.

ಅತ್ತೆ ಸೂತ್ರ ಓದಿದವರಲ್ಲ. ಪ್ರೀತಿ ಎಂಬ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ನಮ್ಮ ಹಿಂದಿನ ತಲೆಮಾರಿನಲ್ಲಿ ಅದು ಸಿನಿಮಾದ ಪದವಾಗಿತ್ತು. ಆ ರಾತ್ರಿ ದಿವ್ಯವಾದದ್ದೇನಾದರೂ ಅನುಭವಕ್ಕೆ ಬಂತೇ ಎಂದು ಕೇಳಿದ್ದರೆ, ಸೊಂಟನೋವು ಅನುಭವಕ್ಕೆ ಬಂತು ಎನ್ನುತ್ತಿದ್ದರು. ಜಗಳ ಹಾಗೇ ಇತ್ತು, ಮನಸ್ಸು ಕರಗಿದ ಹಾಗೂ ಕಾಣಲಿಲ್ಲ. ನೀರು ಮಾತ್ರ ಪೂರ್ತಿ ಖಾಲಿಯಾಯಿತು. ಪ್ರೀತಿ ಮೊದಲು ಎದೆಯಲ್ಲಿ ಹುಟ್ಟಿ ಆಮೇಲೆ ಕೈಗೆ ಇಳಿಯುತ್ತದೆ ಎಂದು ನಾನು ನಂಬಿದ್ದೆ. ಅತ್ತೆಯ ವಿಷಯದಲ್ಲಿ ಅದು ಎದೆಯನ್ನು ದಾಟದೆಯೇ ಕೈಗೆ ಬಂದಿತ್ತೇನೋ. ಅಥವಾ ಎದೆಯೊಳಗಿನದನ್ನು ನೋಡುವ ಕಣ್ಣು ನನಗಿರಲಿಲ್ಲ.

ನನ್ನದೇ ಕತೆಗೆ ಬಂದರೆ ಅಷ್ಟು ಚೆಂದವಿಲ್ಲ. ನನ್ನ ಯಜಮಾನರು ಹೋದದ್ದು 2014ರಲ್ಲಿ. ಅವರದೊಂದು ಹಸಿರು ಸ್ವೆಟರ್ ಇತ್ತು, ಬೈಲುಕುಪ್ಪೆಯಲ್ಲಿ ಟಿಬೆಟಿನ ಹೆಂಗಸೊಬ್ಬರ ಅಂಗಡಿಯಲ್ಲಿ ಕೊಂಡದ್ದು. ಮೊಣಕೈ ಹರಿದಾಗ ನಾನೇ ಕಂದು ಉಲ್ಲನ್ನಿನಲ್ಲಿ ತೇಪೆ ಹಾಕಿದ್ದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಜರಿದು ಜನ ಉಟ್ಟ ಬಟ್ಟೆಯಲ್ಲಿ ಶಾಲೆ, ಕಲ್ಯಾಣಮಂಟಪಗಳಿಗೆ ಬಂದು ಕೂತಾಗ, ಒಂದು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸುವ ಕೆಲಸಕ್ಕೆ ನಾನೂ ಹೋಗಿದ್ದೆ. ಲಾರಿಗಟ್ಟಲೆ ಬಂದಿತ್ತು. ಗುಂಡಿಯಿಲ್ಲದ ಅಂಗಿ, ಜಿಪ್ಪು ಕಿತ್ತ ಪ್ಯಾಂಟು, ಮಿನುಗು ಉದುರುವ ಮದುವೆಯ ರವಿಕೆ, ಒಂಟಿ ಕಾಲುಚೀಲ. ಕೊಡುವುದು ಎಂದರೆ ಮನೆ ಗುಡಿಸುವುದು ಎಂದು ತಿಳಿದವರು ಲೋಕದಲ್ಲಿ ಎಷ್ಟೊಂದು ಜನ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಮರುದಿನ, ನಾನು ಅಂಥವಳಲ್ಲ ಎಂದು ಯಾರಿಗೋ ತೋರಿಸುವಂತೆ, ಆ ಸ್ವೆಟರನ್ನು ತೊಳೆದು ಮಡಿಸಿ ಒಯ್ದು ಕೊಟ್ಟೆ.

ಒಂದೂವರೆ ತಿಂಗಳ ಮೇಲೆ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅದು ನನ್ನೆದುರಿಗೆ ನಡೆದುಬಂತು. ಕಂದು ತೇಪೆ ದೂರದಿಂದಲೇ ಗುರುತು ಸಿಕ್ಕಿತು. ಅದನ್ನು ತೊಟ್ಟ ಮನುಷ್ಯ ಒಣಮೀನು ಆರಿಸುತ್ತಿದ್ದ. ಆರಿಸಿ, ಕೈಯನ್ನು ಸ್ವೆಟರಿನ ಹೊಟ್ಟೆಗೆ ಒರೆಸಿಕೊಂಡ.

ನನಗೆ ಬಂದ ಸಿಟ್ಟು ಎಂಥದು ಎಂದು ಹೇಗೆ ಹೇಳಲಿ! ಎರಡು ಅಂಗಡಿ ದಾಟುವವರೆಗೆ ಅವನ ಹಿಂದೆ ಹೋದೆ. ಏನು ಹೇಳಲು ಹೋಗುತ್ತಿದ್ದೆ? ಬಿಸಿನೀರಿನಲ್ಲಿ ಒಗೆಯಬೇಡಿ ಎಂದೇ? ಆ ಮನುಷ್ಯ ಬೆಚ್ಚಗಿದ್ದ. ಅವನ ಸುಖದಲ್ಲಿ ನಾನು ಸುಖಿಯಾಗಬೇಕಿತ್ತು. ಆ ದೊಡ್ಡ ಪದ ಬಾಯಿಪಾಠವಿದ್ದ ನನಗೆ ಒಂದು ಸ್ವೆಟರಿನ ಮೇಲಿನ ಮೀನಿನ ವಾಸನೆಯನ್ನು ಸಹಿಸಲಾಗಲಿಲ್ಲ. ಶುಂಠಿ ಕೊಳ್ಳುವುದು ಮರೆತು ಬಸ್ಸು ಹತ್ತಿದೆ.

ಆ ಸ್ವೆಟರಿನ ಅಂಗಡಿಯಲ್ಲಿ ಕಂಡದ್ದು ಆಮೇಲೆ ಬಸ್ಸಿನಲ್ಲಿ ನೆನಪಾಯಿತು. ಕುಶಾಲನಗರದ ಸೇತುವೆ ದಾಟಿದರೆ ಬೈಲುಕುಪ್ಪೆ. ನೆಲೆ ಕಳೆದುಕೊಂಡು ಬಂದ ಟಿಬೆಟಿನವರಿಗೆ 1961ರಲ್ಲಿ ಅಲ್ಲಿ ಜಾಗ ಕೊಟ್ಟರು. ಅಂಗಡಿಯ ಮೂಲೆಯಲ್ಲಿ ಒಂದು ಪಟ, ಅದರ ಮುಂದೆ ಸಾಲಾಗಿ ಏಳು ಬಟ್ಟಲು, ಏಳರಲ್ಲೂ ಬರಿಯ ನೀರು. ಬೆಳಗ್ಗೆ ತುಂಬಿಸುತ್ತಾರೆ, ಸಂಜೆ ಚೆಲ್ಲಿ ಒರೆಸಿ ಬೋರಲು ಹಾಕುತ್ತಾರೆ, ಮರುದಿನ ಮತ್ತೆ ತುಂಬಿಸುತ್ತಾರೆ. ಹಣ್ಣಲ್ಲ, ಹೂವಲ್ಲ, ನೀರು ಯಾಕೆ ಎಂದು ಕೇಳಿದ್ದೆ. ಸ್ವೆಟರ್ ಮಡಿಸುತ್ತಲೇ ಆಕೆ, "ನೀರು ಕೊಟ್ಟರೆ ನಾನು ಕೊಟ್ಟೆ ಅನಿಸುವುದಿಲ್ಲ ಅಲ್ಲವೇ" ಎಂದರು. ಆಗ ನನ್ನ ಗಮನವೆಲ್ಲ ಐವತ್ತು ರೂಪಾಯಿ ಇಳಿಸುವುದರ ಮೇಲಿತ್ತು.

ನಮ್ಮ ಕಡೆ ದೇವರ ಪ್ರೀತಿಯ ಬಗ್ಗೆ ಮಾತಾಡುವುದು ಸಲೀಸಲ್ಲ ಎಂದೂ ಹೇಳಬೇಕು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯೇ ಜರಿಯಿತು. ತಲಕಾವೇರಿಯ ಅರ್ಚಕರ ಮನೆ, ಮನೆಯವರು ಮಣ್ಣಿನಡಿಗೆ ಹೋದರು. ಜೀವಮಾನವೆಲ್ಲ ಆ ಕುಂಡಿಕೆಯ ಮುಂದೆ ಕಳೆದವರು ಅವರು. ಗುಡ್ಡವನ್ನು ಅಗೆದದ್ದು, ಮರ ಕಡಿದದ್ದು, ಮಳೆ ಹುಚ್ಚಾದದ್ದು, ಕಾರಣ ಹುಡುಕುತ್ತಾ ಹೋಗಬಹುದು, ಹುಡುಕಲೂ ಬೇಕು. ಆದರೆ ಅದರ ಮುಂದೆ ನಿಂತು 'ಎಲ್ಲ ಅವನ ಪ್ರೀತಿ' ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪಕ್ಕದ ತೋಟದವರು ದಿನಾ ಸಂಜೆ ಗಣಪತಿಗೆ ಊದಿನಕಡ್ಡಿ ಹಚ್ಚಿ, ಅದೇ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಗದ್ದೆಗೆ ಇಳಿದ ಆನೆಗಳಿಗೆ ಪಟಾಕಿ ಹೊಡೆಯಲು ಹೋಗುತ್ತಾರೆ. ಅವರು ನಗುವುದಿಲ್ಲ, ನಾನು ಒಬ್ಬಳೇ ನಗುತ್ತೇನೆ. ಆನೆಯ ಹಸಿವೂ ಅವನದೇ, ನಮ್ಮ ಪುತ್ತರಿ ಹಬ್ಬದ ಕದಿರೂ ಅವನದೇ ಆದರೆ, ಅವನ ಪ್ರೀತಿ ನಮ್ಮ ಬೇಲಿಯ ಅಳತೆಗೆ ಹೊಲಿದದ್ದಂತೂ ಇರಲಾರದು.

ಕೊನೆಯ ಮೂರು ವರ್ಷ ಅತ್ತೆಗೆ ನೆನಪು ತಪ್ಪಿತು. ನನ್ನನ್ನು ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರಿನಿಂದ ಕರೆಯುತ್ತಿದ್ದರು. ರಾತ್ರಿ ಮೂರಕ್ಕೆ ಎದ್ದು ಹಾಸಿಗೆ ಒದ್ದೆಯಾಗಿದೆ ಎಂದು ನನ್ನನ್ನೇ ಗದರುತ್ತಿದ್ದರು. ಮಳೆಗಾಲದ ಕೊಡಗಿನಲ್ಲಿ ಒಂದು ಬೆಡ್‌ಶೀಟ್ ಒಣಗಿಸುವುದು ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸಬೇಕು. ಒಣಗಿದರೂ ಹೊಗೆಯ ವಾಸನೆ, ಅದಕ್ಕೂ ಬೈಗುಳ. ಆ ಹೊತ್ತಿನಲ್ಲಿ ನನ್ನೊಳಗೆ ಪ್ರೀತಿ ಇತ್ತು ಎಂದು ಬರೆದರೆ ಗೂಡಿನಲ್ಲಿರುವ ಗಣಪತಿ ಮೆಚ್ಚುವುದಿಲ್ಲ. ಸಿಟ್ಟಿನಲ್ಲಿ ಕಲ್ಲಿಗೆ ಬಡಿದು ಒಗೆಯುತ್ತಿದ್ದೆ. ಸಿಟ್ಟಿನಲ್ಲಿ ಒಗೆದರೂ ಬಟ್ಟೆ ಬೆಳ್ಳಗಾಗುತ್ತಿತ್ತು.

ಅವರು ಹೋದದ್ದು 2021ರ ಜೂನ್‌ನಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ. ಕಾಯಿಲೆ ಅದಲ್ಲ, ವಯಸ್ಸು. ಹಿಂದಿನ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ನಿರ್ಬಂಧವಿತ್ತು. ಆಮೇಲೆ ಹೇಗೋ ಭಾವನವರು ತೀರ್ಥ ತಂದುಕೊಟ್ಟಿದ್ದರು. ಬಾಟಲಿ ತುಂಬಿತ್ತು. ಆ ದಿನ ಮಧ್ಯಾಹ್ನ ಉಸಿರು ಬದಲಾದಾಗ ಮನೆಯಲ್ಲಿ ನಾನೊಬ್ಬಳೇ. ಓಡಿಹೋಗಿ ಬಾಟಲಿ ತಂದೆ. ಮುಚ್ಚಳ ತಿರುಗಲಿಲ್ಲ. ಸೆರಗಿನಲ್ಲಿ ಹಿಡಿದು ತಿರುಗಿಸಿದೆ, ಬಿಸಿನೀರಿಗೆ ಹಿಡಿದೆ, ಇಕ್ಕಳ ಹಾಕಿದೆ, ಹಲ್ಲು ಕೂಡ ಹಾಕಿದೆ. ಅತ್ತೆ ಕಣ್ಣು ತೆರೆದೇ ಇದ್ದರು. ಅಡುಗೆಮನೆಯಲ್ಲಿ ಬಾವಿಯ ನೀರು ತುಂಬಿದ ಗಿಂಡಿ ಇತ್ತು. ಅದನ್ನೇ ತಂದು ಎರಡು ಸಲ ಬಾಯಿಗೆ ಬಿಟ್ಟೆ. ನುಂಗಿದರು.

ಹನ್ನೊಂದನೆಯ ದಿನ ಬಂದವರು, "ತೀರ್ಥ ಬಿಟ್ಟಿರಾ?" ಎಂದು ಕೇಳಿದರು. ಬಿಟ್ಟೆ ಎಂದೆ. ಸುಳ್ಳು ಹೇಳಿದೆನಲ್ಲ ಎಂದು ತುಂಬಾ ದಿನ ಚುಚ್ಚುತ್ತಿತ್ತು. ಪ್ರತಿ ವರ್ಷ ಹೊಸ ತೀರ್ಥ ತುಂಬಿಸುವ ಮೊದಲು ಹಳೆಯದನ್ನು ಅತ್ತೆ ಬಾವಿಗೆ ಸುರಿಯುತ್ತಿದ್ದರು ಎಂಬುದು ಹೊಳೆಯಲು ನನಗೆ ಅಕ್ಟೋಬರ್ ಬರಬೇಕಾಯಿತು. ಅಷ್ಟು ವರ್ಷ ನಾವು ಅನ್ನ ಬೇಯಿಸಿದ್ದು, ಬೆಡ್‌ಶೀಟ್ ಒಗೆದದ್ದು, ಕೋಳಿಗೂಡಿಗೆ ಇಟ್ಟದ್ದು ಎಲ್ಲ ಆ ನೀರನ್ನೇ.

ಈ ವರ್ಷದ ತೀರ್ಥೋದ್ಭವಕ್ಕೆ ತಂಗಿಯ ಮಗಳು ರಜೆ ಹಾಕಿ ಬಂದಳು. "ನಾಳೆ ಹೇಳುತ್ತೇನೆ ಎಂದಿದ್ದಿರಿ" ಎಂದು ಬಾಗಿಲಲ್ಲೇ ನೆನಪಿಸಿದಳು. ತಲಕಾವೇರಿಯಲ್ಲಿ ಮಂಜು, ನೂಕುನುಗ್ಗಲು, ಕೊಡ, ಕ್ಯಾನು, ಉಘೇ ಎನ್ನುವ ದನಿ. ಅರ್ಚಕರು ತೀರ್ಥ ಎರಚಿದ್ದೇ ತಡ, ಜನವೆಲ್ಲ ಕೊಳಕ್ಕೆ ಇಳಿಯಿತು. ನನ್ನ ಬಾಟಲಿ ಮುಂದೆ ಚಾಚಲು ಹೋಗಿ ಪಕ್ಕದ ಹೆಂಗಸಿನ ಪಕ್ಕೆಗೆ ಮೊಣಕೈ ಹಾಕಿಬಿಟ್ಟೆ. ಸಣ್ಣದಾಗಿ ಅಲ್ಲ, ಚೆನ್ನಾಗಿಯೇ. ಆಕೆಯ ತಾಮ್ರದ ಚೊಂಬು ನೀರಿಗೆ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಜನ ನನ್ನನ್ನು ಮುಂದಕ್ಕೆ ತಳ್ಳಿದ್ದರು. ಭಾಗಮಂಡಲಕ್ಕೆ ಇಳಿಯುವ ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

"ಏನೇ?"

"ಏನಿಲ್ಲ ದೊಡ್ಡಮ್ಮ. ಸೋಮವಾರದವರೆಗೂ ಕಾಯಲಿಲ್ಲವಲ್ಲ ನೀವು."

ಮನೆಗೆ ಬಂದು, ಹಳೆಯ ತೀರ್ಥವನ್ನು ಹಿಂದಿನ ರಾತ್ರಿ ಸುರಿದಿಟ್ಟಿದ್ದ ಪಾತ್ರೆಯನ್ನು ಅವಳ ಕೈಗೆ ಕೊಟ್ಟು ಬಾವಿಗೆ ಹಾಕಲು ಹೇಳಿದೆ. ಯಾಕೆ ಎಂದಳು. ಆಗ ಕೂತು ಪಾಟಿಯ ಕತೆ, ಮುಚ್ಚಳದ ಕತೆ ಎಲ್ಲ ಹೇಳಿದೆ. ಸ್ವೆಟರಿನದನ್ನೂ ಹೇಳಿದೆ, ಅದು ಸ್ವಲ್ಪ ಕಷ್ಟವಾಯಿತು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಕಣಿ ಪೂಜೆ. ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಬಳೆ ತೊಡಿಸಿ, ಸರ ಹಾಕಿ ಕಾವೇರಿ ಮಾಡಿದೆವು. ಅಕ್ಕಿ ಹಾಕಿ ನಮಸ್ಕಾರ ಮಾಡಿ ದೋಸೆ, ಕುಂಬಳಕಾಯಿ ಸಾರು ತಿಂದೆವು. ಸೌತೆಕಾಯಿಯ ಫೋಟೋ ತೆಗೆದು ಆಫೀಸಿನವರಿಗೆಲ್ಲ ಕಳಿಸಿದಳು.

ಹೊರಡುವ ಬೆಳಗ್ಗೆ ಬ್ಯಾಗು ತುಂಬಿಸುತ್ತಾ, "ದೊಡ್ಡಮ್ಮ, ಒಂದು ಸಣ್ಣ ಬಾಟಲಿ ಇದೆಯೇ?" ಎಂದಳು. ಕೆಳಗಿನ ಮನೆಯ ಹೆಂಗಸಿನ ತಾಯಿ ಮಂಡ್ಯದಿಂದ ಬಂದಿದ್ದಾರಂತೆ, ಹಾಸಿಗೆ ಹಿಡಿದಿದ್ದಾರಂತೆ. ನಾನು ಮುಖ ನೋಡಿದೆ. "ಟ್ಯಾಂಕರ್ ದುಡ್ಡು ಮಾತ್ರ ನಾನು ಕೊಡುವುದಿಲ್ಲ. ಅದು ಅವರದೇ ತಪ್ಪು" ಎಂದಳು, ಜಿಪ್ಪು ಎಳೆಯುತ್ತಾ.

ಮನೆಯಲ್ಲೆಲ್ಲ ಹುಡುಕಿದರೆ ಸಿಕ್ಕಿದ್ದು ಕಾಚಂಪುಳಿ ತುಂಬಿಟ್ಟಿದ್ದ ಒಂದು ಚಿಕ್ಕ ಸೀಸೆ. ಬೂದಿ ಹಾಕಿ ತೊಳೆದೆ, ಬಿಸಿನೀರು ಹೊಯ್ದೆ, ಹುಳಿ ವಾಸನೆ ಹೋಗಲೊಲ್ಲದು. ಬಸ್ಸಿಗೆ ಹೊತ್ತಾಗುತ್ತಿತ್ತು. ಅದರಲ್ಲೇ ತುಂಬಿಸಿಕೊಂಡು ಹೋದಳು.